ಕೊನೆಯ ಮೆಷಿನ್ನಿನಿಂದ ‘ಬಂತು’ ಅನ್ನುವವರೆಗೆ

ಎಂಟು ಎಳೆಗಳಲ್ಲಿ ಆರು ಸಾಲಿಗೆ ಬಂದಿವೆ. ಕಂದು ಬಣ್ಣದ ಎರಡು ಮಾತ್ರ ಹಟ ಹಿಡಿದು ಒಂದಕ್ಕೊಂದು ಸುತ್ತಿಕೊಂಡಿವೆ. ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿರುವ ಕವಿತ, ಮೊಬೈಲಿನ ಟಾರ್ಚನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಆ ಎರಡನ್ನೂ ಹೆಬ್ಬೆರಳಿನಿಂದ ನೀವಿ ನೇರ ಮಾಡುತ್ತಾರೆ. ಎಂಟೂ ಒಂದೇ ಸಮಕ್ಕೆ ಬಂದ ಮೇಲೆ ತುದಿ ಕತ್ತರಿಸಿ, ಪ್ಲಾಸ್ಟಿಕ್ಕಿನ ಪುಟ್ಟ ಪಿನ್ನಿನೊಳಗೆ ತೂರಿಸಿ, ಇಕ್ಕಳ ಒತ್ತುತ್ತಾರೆ. ಕಟಕ್ ಎಂದು ಸದ್ದಾಗುತ್ತದೆ. ಇಲಿ ಕಡಿದಿದ್ದ ಕೇಬಲ್ಲಿಗೆ ಮತ್ತೆ ಜೀವ ಬಂದಿದೆ.

ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿ. ಕೆಳಗೆ ಗೊಬ್ಬರ, ಬಿತ್ತನೆ ಬೀಜದ ಅಂಗಡಿ, ಮೇಲೆ ಈ ಕಂಪ್ಯೂಟರ್ ತರಬೇತಿ ಕೇಂದ್ರ. ಅಂಗಡಿಯವರು ಇನ್ನೂ ಶಟರ್ ಎತ್ತಿಲ್ಲ. ಮಹಡಿಯ ಕಿಟಕಿಗಳು ಆಗಲೇ ತೆರೆದಿವೆ, ನೆಲ ಒರೆಸಿ ಆಗಿದೆ. ಏಳು ಗಂಟೆಯ ಬ್ಯಾಚಿನವರು ಕಾಲೇಜಿಗೆ ಹೋಗುವ ಮೊದಲು ಇಲ್ಲಿ ನೆಟ್‌ವರ್ಕಿಂಗ್ ಕಲಿಯಲು ಬರುತ್ತಾರೆ. ಹದಿನೆಂಟು ಮೆಷಿನ್ನುಗಳಲ್ಲಿ ಕವಿತ ಇವತ್ತು ಮೊದಲು ಕೈ ಹಾಕಿದ್ದು ಕಟ್ಟಕಡೆಯದಕ್ಕೆ. ಅದು ಅನು ಕೂರುವ ಜಾಗ. ಅನು ಇವತ್ತು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ನಿನ್ನೆ ಮೈಸೂರಿನಲ್ಲಿ ಸರ್ಟಿಫಿಕೇಟ್ ಪರೀಕ್ಷೆ ಬರೆದು ಅವಳು ಫೇಲಾಗಿದ್ದಾಳೆ. ಫಲಿತಾಂಶ ಸಂಜೆಯೇ ಕೇಂದ್ರಕ್ಕೆ ಬಂದಿದೆ. ಫೋನ್ ಮಾಡಿದರೆ ಅವಳು ಎತ್ತುತ್ತಿಲ್ಲ.

“ಬರ್ಲಿ, ಬರ್ದೆ ಇರ್ಲಿ. ಅವ್ಳ ಮೆಷಿನ್ನು ರೆಡಿ ಇರ್ಬೇಕು,” ಎನ್ನುತ್ತ ಕವಿತ ಸೆರಗಿಗೆ ಅಂಟಿದ ದೂಳು ಕೊಡವುತ್ತಾರೆ.

ಈ ಕೋಣೆಯಲ್ಲಿ ಒಂದು ರೂಢಿ ಇದೆ. ಹೊಸಬರು ಮೊದಲ ದಿನ ಕೇಳಿ ನಗುತ್ತಾರೆ. ಕವಿತ ಏನೇ ಹೇಳಿಕೊಡಲಿ, ಒಂದು ಹಂತ ಮುಗಿದ ಕೂಡಲೇ ಸುಮ್ಮನಾಗಿ ಕೋಣೆಯ ಆ ತುದಿಗೆ ನೋಡುತ್ತಾರೆ. ಕೊನೆಯ ಮೆಷಿನ್ನಿನವರು ತಮ್ಮ ಪರದೆಯ ಮೇಲೂ ಅದು ಕಾಣಿಸಿದಾಗ “ಬಂತು!” ಎಂದು ಕೂಗಬೇಕು. ಅವರು ಕೂಗುವ ತನಕ ಮುಂದಿನ ಪಾಠವಿಲ್ಲ. ಮುಂದಿನ ಸಾಲಿನ ಚುರುಕು ಹುಡುಗರು ಎಷ್ಟೇ ಚಡಪಡಿಸಿದರೂ ಇಲ್ಲ.

ಇದನ್ನು ಆಕೆ ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ತಂದೆ ಹೊನ್ನಯ್ಯ ಮಳವಳ್ಳಿ ಕಡೆಯ ಒಂದು ಉಪನಾಲೆಗೆ ನೀರುಗಂಟಿಯಾಗಿದ್ದವರು. ಸರದಿಯ ಪ್ರಕಾರ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ನೀರು ಬಿಟ್ಟ ದಿನ ಕಟ್ಟಕಡೆಯ ಗದ್ದೆಯ ಬದುವಿನ ಮೇಲೆ ಯಾರಾದರೂ ನಿಂತಿರುತ್ತಿದ್ದರು. ನೀರು ಕಾಲಿಗೆ ತಾಗಿದಾಗ ಅವರು “ಬಂತೂ!” ಎಂದು ಕೂಗುತ್ತಿದ್ದರು. ಒಬ್ಬರ ದನಿ ಕೇಳಿ ಇನ್ನೊಬ್ಬರು ಕೂಗುತ್ತ, ಆ ಕೂಗು ಗದ್ದೆಯಿಂದ ಗದ್ದೆಗೆ ಹತ್ತಿ ಹೊನ್ನಯ್ಯನ ಕಿವಿಗೆ ಬೀಳುತ್ತಿತ್ತು. ಅಲ್ಲಿಯವರೆಗೆ ಮೇಲ್ಗದ್ದೆಯವರು ಎಷ್ಟು ಬೈದರೂ ಅವರು ತೂಬಿನಿಂದ ಕೈ ತೆಗೆಯುತ್ತಿರಲಿಲ್ಲ.

“ನಮ್ಮಪ್ಪಂಗೆ ಬೈಗುಳ ಅಂದ್ರೆ ಕಾಪಿ ಇದ್ದಂಗೆ. ಒತ್ತಾರೆ ಒಂದ್ ಸಲ, ಸಂದೆ ಒಂದ್ ಸಲ,” ಎಂದು ಕವಿತ ನಗುತ್ತಾರೆ.

ಪಿಯುಸಿ ಮುಗಿಸಿ ಮದ್ದೂರಿಗೆ ಸೊಸೆಯಾಗಿ ಬಂದವರು ಆಕೆ. ಗಂಡ ನಾಗರಾಜು ಕರೆಂಟು ಕಂಪನಿಯಲ್ಲಿ ಲೈನ್‌ಮ್ಯಾನ್. ಮಗ ಶಾಲೆಗೆ ಹೋಗತೊಡಗಿದ ಮೇಲೆ ಕವಿತ ಈ ಕೇಂದ್ರಕ್ಕೆ ಸೇರಿದ್ದು ಬಾಗಿಲು ತೆಗೆಯಲು, ಫೋನ್ ಎತ್ತಲು, ಬಂದವರಿಗೆ ಕುರ್ಚಿ ತೋರಿಸಲು. ಪಾಠದ ಕೋಣೆಗೂ ಆಕೆಯ ಮೇಜಿಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಗೋಡೆ ಮಾತ್ರ. ಗೋಡೆಯಾಚೆಯ ಪಾಠ ಈಚೆಗೆ ಕೇಳುತ್ತಿತ್ತು. ಮಧ್ಯಾಹ್ನ ಕೋಣೆ ಖಾಲಿಯಾದಾಗ, ಕೇಳಿದ್ದನ್ನು ಮೆಷಿನ್ನಿನ ಮೇಲೆ ಮಾಡಿ ನೋಡುತ್ತಿದ್ದರು. ತಪ್ಪಾಗುತ್ತಿತ್ತು, ಮತ್ತೆ ಮಾಡುತ್ತಿದ್ದರು. ಗೊತ್ತಾಗದ್ದನ್ನು ಮೇಷ್ಟರನ್ನೇ ಕೇಳುತ್ತಿದ್ದರು. ಅವರು ಬೇಸರವಿಲ್ಲದೆ ಹೇಳಿಕೊಟ್ಟರು, ತಮ್ಮ ಹಳೆಯ ಪುಸ್ತಕಗಳನ್ನೂ ಕೊಟ್ಟರು. ಅವರು ಕೆಲಸ ಬಿಟ್ಟು ಹೋದ ವರ್ಷ, ಬೇರೆಯವರು ಸಿಗುವ ತನಕ ಎಂದು ಕವಿತ ಬೋರ್ಡಿನ ಮುಂದೆ ನಿಂತರು. ಬೇರೆಯವರು ಇಂದಿಗೂ ಬಂದಿಲ್ಲ.

ಆಕೆಯ ಬಳಿ ಕಲಿತು ಪರೀಕ್ಷೆ ಪಾಸಾದವರು ಇವತ್ತು ಮಂಡ್ಯದ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ, ಮೈಸೂರಿನ ಕಂಪನಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾರೆ. ದುದ್ದದ ಅರ್ಪಿತ ಹೆರಿಗೆಯಾದ ಮೇಲೆ ಮತ್ತೆ ಓದಲು ಬಂದವಳು. ಈಗ ಮಂಡ್ಯದಲ್ಲಿ ಅವಳ ಕೈಕೆಳಗೆ ಮೂವರು ಕೆಲಸ ಮಾಡುತ್ತಾರೆ. ಹಬ್ಬಕ್ಕೆ ಬಂದರೆ ಮಿಸ್ಸಿಗೆ ಬಾಗಿನ ಕೊಡದೆ ಹೋಗುವುದಿಲ್ಲ.

ಅತ್ತೆ ಅಂಕಮ್ಮನಿಗೆ ಮಾತ್ರ ಸೊಸೆಯ ಕೆಲಸ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. “ಗಂಡ ಕಂಬದ್ ಮ್ಯಾಲೆ, ಎಂಡ್ತಿ ಮೇಜಿನ್ ಕೆಳ್ಗೆ. ಇಬ್ರೂ ವೈರೇ ಇಡ್ಕಂಡವ್ರೆ. ಮನೇಲಿ ಒಲೆ ಮಾತ್ರ ನನ್ ಕೈಲಿ,” ಎಂದು ಅಣಕಿಸುತ್ತಾರೆ. ಆದರೆ ಸೊಸೆ ಬೆಳಗಿನ ಬ್ಯಾಚಿಗೆ ಹೊರಡುವ ಮುಂಚೆ ಕಾಫಿ ಕಾಯಿಸಿ ಇಟ್ಟಿರುವವರೂ ಅವರೇ.

ಅನು ಈ ಬ್ಯಾಚಿಗೆ ಬಂದ ಮೊದಲ ವಾರ ಇಲ್ಲಿ ದೊಡ್ಡ ಜಗಳವಾಯಿತು. ನೆಟ್‌ವರ್ಕಿನ ಸ್ವಿಚ್ಚು, ಎಂದರೆ ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆ, ಬಾಗಿಲ ಪಕ್ಕದ ಗೋಡೆಯ ಮೇಲಿದೆ. ಅದಕ್ಕೆ ಹತ್ತಿರದ ಮೆಷಿನ್ನಿನಲ್ಲಿ ದಿನಾ ಅಪ್ಪು ಎಂಬ ಹುಡುಗ ಬ್ಯಾಗ್ ಹಾಕಿ ಜಾಗ ಹಿಡಿಯುತ್ತಿದ್ದ. ಮಳವಳ್ಳಿ ಕಡೆಯಿಂದ ಬಸ್ಸು ಹಿಡಿದು ಬರುವ ಅನುವಿಗೆ ಉಳಿಯುತ್ತಿದ್ದದ್ದು ಕೊನೆಯದು.

“ಏಳ್ಲಾ ಮ್ಯಾಕೆ. ವಾರ್ವೆಲ್ಲಾ ನೀನೇ ಕೂತ್ಕಂಡಿದ್ದೀಯಲ್ಲ.”

“ನಿಮ್ಮೂರ್ ಬಸ್ಸು ಲೇಟಾದ್ರೆ ನಾನೇನಮ್ಮಿ ಮಾಡ್ಲಿ?”

“ನಾಲೆಲೂ ನಾವೇ ಕೊನೆ, ಇಲ್ಲೂ ನಾವೇ ಕೊನೆ. ಮ್ಯಾಗ್ಳೋರು ಕುಡ್ದು ಬುಟ್ಟಿದ್ದು ನಮ್ಗೆ, ಅಲ್ವಾ?”

ಉಳಿದವರು ನಕ್ಕರೂ ಕವಿತ ನಗಲಿಲ್ಲ. ಸ್ವಿಚ್ಚಿನಿಂದ ದೂರವಾದಷ್ಟೂ ನೆಟ್ಟು ಕಡಿಮೆ ಸಿಗುತ್ತದೆ ಎಂದು ಈ ನಾಡಿನ ಮಕ್ಕಳು ಯಾಕೆ ನಂಬುತ್ತಾರೆ ಎಂಬುದು ನೀರುಗಂಟಿಯ ಮಗಳಿಗೆ ಗೊತ್ತಿರದೆ ಇರುತ್ತದೆಯೇ? ಒಂದೇ ಫೈಲನ್ನು ಮೊದಲ ಮೆಷಿನ್ನಿಗೂ ಕೊನೆಯದಕ್ಕೂ ಒಟ್ಟಿಗೆ ಕಳಿಸಿದರು. ಇಡೀ ಬ್ಯಾಚು ಅಲ್ಲಿಂದಿಲ್ಲಿಗೆ ಓಡಾಡಿ ನೋಡಿತು. ಎರಡೂ ಕಡೆ ಒಂದೇ ಹೊತ್ತಿಗೆ ತಲುಪಿತ್ತು.

“ಇದು ನಾಲೆ ಅಲ್ಲ ಕಣವ್ವ. ಒಬ್ರ ಗದ್ದೆ ದಾಟಿ ಇನ್ನೊಬ್ರ ಗದ್ದೆಗೆ ಓಗಾಕಿಲ್ಲ. ಸ್ವಿಚ್ಚಿಂದ ಒಬ್ಬೊಬ್ರಿಗೂ ಒಂದೊಂದು ಕಾಲ್ವೆ ಬುಟ್ಟೀವಿ. ನಿನ್ನ ಪಾಲು ಯಾರೂ ಕುಡಿಯಾಕಾಗಲ್ಲ.”

ಅವತ್ತಿನಿಂದ ಕೊನೆಯ ಮೆಷಿನ್ನು ಅನುವಿನದ್ದಾಯಿತು. ಕೋಣೆಗೆಲ್ಲ ಕೇಳುವಂತೆ “ಬಂತು!” ಎನ್ನುವ ಅಧಿಕಾರವೂ ಅವಳದ್ದೇ.

ಇಷ್ಟು ಜನರನ್ನು ಪರೀಕ್ಷೆಗೆ ಕಳಿಸಿದ ಕವಿತ ತಾವು ಮಾತ್ರ ಆ ಪರೀಕ್ಷೆ ಬರೆದಿಲ್ಲ. ಈಗ ಅದು ಬಾಗಿಲಿಗೆ ಬಂದು ನಿಂತಿದೆ. ಜೂನ್ ಬ್ಯಾಚಿನಿಂದ ಸರ್ಟಿಫಿಕೇಟ್ ಇದ್ದವರೇ ಪಾಠ ಮಾಡಬೇಕು ಎಂಬ ನಿಯಮವಾಗಿದೆ. ಕೇಂದ್ರದ ಮಾಲೀಕ ಶಿವರಾಜು ಸಭ್ಯ ಮನುಷ್ಯ. ತಿಂಗಳಿಂದ ಹೇಳುತ್ತಿದ್ದಾರೆ. “ಕವಿತಕ್ಕ, ನೀವೇ ಬರ್ದುಬುಡಿ. ಇಲ್ದಿದ್ರೆ ಜೂನಿಗೆ ಮೈಸೂರಿಂದ ಯಾರನ್ನಾದ್ರೂ ಕರುಸ್ಬೇಕಾಯ್ತದೆ. ನೀವು ಮೊದಲ್ನಂಗೆ ಹೊರಗಡೆ ಮೇಜು ನೋಡ್ಕಳಿ.”

“ನೋಡಣ ಬುಡಿ ಸಾರ್,” ಎಂದು ಪ್ರತಿ ಸಲವೂ ಕವಿತ ಮಾತು ಮುಗಿಸಿದ್ದಾರೆ.

ಹೊರಗಿನ ಮೇಜು ಎಂದರೆ ಪ್ಲೈವುಡ್ ಗೋಡೆಯ ಈಚೆ. ಆಚೆ ಇನ್ನೊಬ್ಬರು ಹೇಳುವ ಪಾಠವನ್ನು ಈಚೆ ಕೂತು ಕೇಳುವುದು ಈಗ ತಮ್ಮಿಂದಾಗದು ಎಂದು ಆಕೆಗೆ ಗೊತ್ತು. ಹಾಗಿದ್ದರೂ ಬರೆಯಲು ಕೈ ಬಂದಿಲ್ಲ. ಗೊತ್ತಿಲ್ಲದ ವಿಷಯದ ಭಯವಲ್ಲ ಅದು.

“ಹುಡ್ಗರು ಫೇಲಾದ್ರೆ ಮತ್ತೆ ಬರೀಲಾ ಅಂತೀನಿ. ನಾನೇ ಫೇಲಾದ್ರೆ? ಮಾರ್ನೆ ದಿನ ಬೋರ್ಡ್ ಮುಂದೆ ಯಾವ್ ಮಕ ಇಟ್ಕಂಡು ನಿಂತ್ಕಳದು?”

ಹೆಂಗಸರು ಎಷ್ಟೋ ಬಾಗಿಲುಗಳನ್ನು ತಟ್ಟದೆಯೇ ಹಿಂದಿರುಗುವುದು ಈ ಮುಖದ ಮಾತಿಗೆ. ಬೇರೆಯವರು ಬೇಡ ಅಂದಿರುವುದಿಲ್ಲ, ನಗುತ್ತೇವೆ ಎಂದೂ ಅಂದಿರುವುದಿಲ್ಲ. ನಗಬಹುದಾದ ಒಂದು ಮುಖವನ್ನು ನಾವೇ ಮನಸ್ಸಿನಲ್ಲಿ ಕೂರಿಸಿಕೊಂಡು, ಅದಕ್ಕೆ ಹೆದರಿ ನಡೆಯುತ್ತಿರುತ್ತೇವೆ.

ಏಳು ಗಂಟೆ. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಅಪ್ಪು ಬಂದ, ಅವನ ಹಿಂದೆ ಉಳಿದವರು. ಕೊನೆಯ ಕುರ್ಚಿ ಖಾಲಿಯಿದೆ. ಕವಿತ ಬೋರ್ಡಿನ ಮೇಲೆ ತಲೆಬರಹ ಬರೆದು, ಅದನ್ನೇ ಒರೆಸಿ, ಮತ್ತೆ ಅದನ್ನೇ ಬರೆಯುತ್ತಾರೆ.

ಅಷ್ಟರಲ್ಲಿ ಬಾಗಿಲಲ್ಲಿ ಅನು. ಏದುಸಿರು ಬಿಡುತ್ತಿದ್ದಾಳೆ.

“ಬಸ್ಸು ಕೆಟ್ಟೋಯ್ತು ಮಿಸ್. ಆಟೋದಲ್ಲಿ ಬಂದೆ.”

ಎಲ್ಲರೂ ಅವಳತ್ತ ತಿರುಗುತ್ತಾರೆ. ಅಪ್ಪು ತಡೆದುಕೊಳ್ಳಲಾರ. “ಏನಮ್ಮಿ, ಮೈಸೂರ್ ನೋಡ್ಕಂಡ್ ಬಂದ್ಯಂತೆ?”

“ಊಂ ಕಣ್ಲಾ. ಚೆನ್ನಾಗಿತ್ತು, ಅದ್ಕೆ ಇನ್ನೊಂದ್ ಸಲ ಓಯ್ತೀನಿ,” ಎನ್ನುತ್ತಾಳೆ ಅನು. ಕೋಣೆ ಗೊಳ್ಳೆಂದು ನಗುತ್ತದೆ, ಅವಳೂ ನಗುತ್ತಾಳೆ. ಅಪ್ಪು ತನ್ನ ಬ್ಯಾಗಿನಿಂದ ಚಕ್ಕುಲಿಯ ಪೊಟ್ಟಣ ತೆಗೆದು ಅವಳತ್ತ ಎಸೆಯುತ್ತಾನೆ. ನಗು ಅಷ್ಟಕ್ಕೇ ಮುಗಿಯಿತು. ಯಾರೂ ಅದನ್ನು ಮುಂದುವರಿಸಲಿಲ್ಲ.

ಕೊನೆಯ ಮೆಷಿನ್ನಿನ ಮುಂದೆ ಕೂತ ಅನು ಪಕ್ಕದ ಹುಡುಗಿಗೆ, ನಿನ್ನೆ ಎಲ್ಲಿ ತಪ್ಪಿದೆ ಎಂದು ತಾನೇ ವಿವರಿಸತೊಡಗಿದ್ದಾಳೆ. ಪಕ್ಕದವಳು ತಲೆಯಾಡಿಸುತ್ತ ಕೇಳುತ್ತಿದ್ದಾಳೆ. ಮೊದಲಿಗಿಂತ ಇವತ್ತು ಅನುವಿನ ಮಾತಿಗೆ ಬೆಲೆ ಹೆಚ್ಚೇ ಆದಂತಿದೆ. ಕವಿತ ಮಾರ್ಕರ್ ಹಿಡಿದು ಅದನ್ನೇ ನೋಡುತ್ತ ನಿಂತುಬಿಡುತ್ತಾರೆ.

“ಮಿಸ್, ಶುರು ಮಾಡಿ. ನಂದ್ರಲ್ಲೂ ನೆಟ್ಟು ಬಂತು!” ಎಂದು ಆ ತುದಿಯಿಂದ ಕೂಗು.

ಬ್ಯಾಚು ಮುಗಿದು ಹುಡುಗರು ಕಾಲೇಜಿನ ದಾರಿ ಹಿಡಿಯುತ್ತಾರೆ. ಕೆಳಗಿನ ಅಂಗಡಿಯ ಶಟರ್ ಎತ್ತಿದ ಸದ್ದು. ಶಿವರಾಜು ಬಾಗಿಲಲ್ಲಿ ಇಣುಕಿ ಕೇಳುತ್ತಾರೆ. “ಏನ್ ಯೋಚ್ನೆ ಮಾಡಿದ್ರಿ ಕವಿತಕ್ಕ?”

“ನೋಡಣ ಬುಡಿ ಸಾರ್.”

ಅವರು ತಲೆಯಾಡಿಸಿ ಹೋಗುತ್ತಾರೆ. ಕವಿತ ಬಾಗಿಲು ಮುಂದಕ್ಕೆ ಮಾಡಿ, ಹದಿನೇಳು ಮೆಷಿನ್ನುಗಳನ್ನು ಒಂದೊಂದಾಗಿ ಆರಿಸುತ್ತ ಹೋಗಿ, ಹದಿನೆಂಟನೆಯದನ್ನು ಆರಿಸದೆ ಅದರ ಮುಂದೆ ಕೂರುತ್ತಾರೆ. ಪರೀಕ್ಷೆಯ ಪುಟ ತೆರೆಯುತ್ತಾರೆ. ಬೇರೆಯವರಿಗಾಗಿ ಎಷ್ಟೋ ಸಲ ತೆರೆದ ಪುಟವೇ ಅದು. ಮೇ ತಿಂಗಳ ಒಂದು ದಿನ ಆರಿಸಿ, ಹೆಸರಿನ ಜಾಗದಲ್ಲಿ ಈ ಸಲ ತಮ್ಮದೇ ಹೆಸರು ಒತ್ತುತ್ತಾರೆ. ನಾಗರಾಜುವಿಗಾಗಲೀ ಅತ್ತೆಗಾಗಲೀ ಫೋನ್ ಮಾಡುವುದಿಲ್ಲ. ಪಾಸಾದರೆ ಹೇಳಿದರಾಯಿತು. ಫೇಲಾದರೆ ಮಾರನೆಯ ದಿನ ಬೋರ್ಡಿನ ಮುಂದೆ ನಿಂತು, ಎಲ್ಲಿ ತಪ್ಪಿತು ಎಂದು ಹುಡುಗರಿಗೇ ಹೇಳಿದರಾಯಿತು.

ಪರದೆಯ ನಡುವಿನ ಚಕ್ರ ಒಂದೆರಡು ಸುತ್ತು ತಿರುಗುತ್ತದೆ. ಬೆಳಿಗ್ಗೆ ತಾವೇ ಕೂಡಿಸಿದ ಕೇಬಲ್ಲಿನ ಹಸಿರು ದೀಪ ಮಿಟುಕುತ್ತದೆ. ಪರದೆಯ ಮೇಲೆ ಪರೀಕ್ಷೆಯ ದಿನ ಖಚಿತವಾದ ಸಾಲು ಮೂಡುತ್ತದೆ.

“ಬಂತು,” ಎನ್ನುತ್ತಾರೆ ಕವಿತ, ಖಾಲಿ ಕೋಣೆಯಲ್ಲಿ, ತಮ್ಮಷ್ಟಕ್ಕೆ.