ಔತಣದ ಕತೆ ಹೇಳಿದ ಹೊಲಿಗೆ ಟೀಚರ್

ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಹದಿನೈದನೆಯ ವಯಸ್ಸಿನಲ್ಲಿ ಮಿಷನ್ನಿನ ಸೂಜಿ ಆ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನ ಅದನ್ನೇ ತೋರಿಸಿ, "ಮಾತಾಡಿ, ನಗಿ, ಕಣ್ಣು ಮಾತ್ರ ಸೂಜಿ ಮೇಲಿರಲಿ" ಎನ್ನುತ್ತಿದ್ದರು.

ಗುಂಡ್ಲುಪೇಟೆಯ ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಅವರ ಹೊಲಿಗೆ ಕ್ಲಾಸು. ಹುಟ್ಟೂರು ಕೊಚ್ಚಿ. ಗಂಡ ಇಲ್ಲಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಟೀಚರ್ ಈ ಊರು ಬಿಡಲಿಲ್ಲ. ಕನ್ನಡವನ್ನು ಚೆನ್ನಾಗಿಯೇ ಕಲಿತಿದ್ದರು, ಆದರೆ ನಮ್ಮನ್ನು ಕರೆಯುವಾಗ ಮಾತ್ರ "ಮೋಳೆ", ಅಂದರೆ ಮಗಳೇ. ಗೋಡೆಗೆ ಹೊಡೆಯುವ ಮೊಳೆ ಎಂದುಕೊಂಡು ಮೊದಮೊದಲು ನಾವು ಮುಸಿಮುಸಿ ನಗುತ್ತಿದ್ದೆವು. ನಾವು ತಪ್ಪು ಹೊಲಿದರೆ ಬಟ್ಟೆಯನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. "ಬಿಚ್ಚೋದು ನನಗಿರಲಿ, ನೀವು ಹೊಲೀರಿ."

ಕೊಚ್ಚಿಯಲ್ಲಿ ಅವರ ತಾಯಿ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲಿ ಅಡುಗೆಗಿದ್ದರು. ಬಂಧುಗಳೆಲ್ಲ ಇಸ್ರೇಲಿಗೆ ಹೋದರೂ ಆ ಅಜ್ಜಿ ಉಳಿದುಕೊಂಡಿದ್ದರು. ಟೀಚರ್ ಅವರಿಂದ ಕಸೂತಿ ಕಲಿತರು, ಜೊತೆಗೆ ಅವರ ಧರ್ಮಗ್ರಂಥದ ಒಂದು ಕತೆಯನ್ನೂ. ನಾವು ರವಿಕೆಯ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತಾಗ ಅದನ್ನು ಹೇಳುತ್ತಿದ್ದರು.

ನಮ್ಮ ದೇಶದ ಗಡಿಯಿಂದ ಆಫ್ರಿಕಾದವರೆಗೆ ಆಳುತ್ತಿದ್ದ ಪರ್ಶಿಯಾದ ರಾಜ. ನೂರೆಂಬತ್ತು ದಿನ ತನ್ನ ಸಿರಿ ಮೆರೆಸಿ, ಆಮೇಲೆ ಏಳು ದಿನ ಊರಿಗೆಲ್ಲ ಔತಣ ಇಟ್ಟ. ಏಳನೆಯ ದಿನ ಅಮಲೇರಿತು. ರಾಣಿ ಕಿರೀಟ ಇಟ್ಟುಕೊಂಡು ಬರಲಿ, ಅವಳ ಚೆಲುವನ್ನು ಎಲ್ಲರೂ ನೋಡಲಿ ಎಂದು ಹೇಳಿಕಳಿಸಿದ. ರಾಣಿ ಬರುವುದಿಲ್ಲ ಎಂದಳು. ಅವಳ ಪಟ್ಟ ಹೋಯಿತು.

ಕತೆ ಇಷ್ಟೇ. ಟೀಚರಿಗೆ ಅದಕ್ಕಿಂತ ಇಷ್ಟವಾಗಿದ್ದು ಯಹೂದಿ ಹಿರಿಯರು ಆ ಔತಣದ ಬಗ್ಗೆ ತಲೆಮಾರುಗಟ್ಟಲೆ ನಡೆಸಿದ ಚರ್ಚೆ. ಒಂದೊಂದು ಪದವನ್ನೂ ಹಿಡಿದು ಕೇಳಿದರಂತೆ. ಎಂಥ ದ್ರಾಕ್ಷಾರಸ? ಕುಡಿಯುವವನ ವಯಸ್ಸಿಗಿಂತ ಹಳೆಯದು. ಪಾತ್ರೆಗಳು ಎಲ್ಲಿಯವು? ತಮ್ಮದೇ ದೇವಾಲಯದಿಂದ ಕೊಳ್ಳೆ ಹೋದವು. ರಾಣಿ ಯಾಕೆ ಬರಲಿಲ್ಲ? ಇಲ್ಲಿ ಒಮ್ಮತವಿಲ್ಲ. ಮೈಮೇಲೆ ರೋಗ ಎದ್ದಿತ್ತು ಎಂದರು ಒಬ್ಬರು, ಬಾಲ ಮೂಡಿತ್ತು ಎಂದರು ಇನ್ನೊಬ್ಬರು. ದೊಡ್ಡ ರಾಜನ ವಂಶದವಳೆಂಬ ಸೊಕ್ಕು ಎಂದವರೂ ಇದ್ದರು. ಕಿರೀಟವೊಂದನ್ನು ಬಿಟ್ಟು ಮೈಮೇಲೆ ಬೇರೇನೂ ಇರಕೂಡದೆಂದು ರಾಜ ಹೇಳಿದ್ದ ಎಂದವರೂ ಇದ್ದರು.

"ಗ್ರಂಥದಲ್ಲಿ ಏನಿದೆ ಟೀಚರ್?" ಎಂದು ಒಮ್ಮೆ ಕೇಳಿದೆ.

"ಗ್ರಂಥದಲ್ಲಿ ಕಾರಣ ಇಲ್ಲ ಮೋಳೆ. ಬರಲ್ಲ ಅಂದಳು, ಅಷ್ಟೇ. ಕುಡಿಯೋಕೆ ಯಾರಿಗೂ ಬಲವಂತ ಮಾಡಬಾರದು ಅಂತ ಆ ರಾಜ ಕಾನೂನು ಮಾಡಿದ್ದ. ಕೊಚ್ಚಿಯ ಆ ಅಜ್ಜಿ ಅದನ್ನ ಓದಿದಾಗೆಲ್ಲ ನಗೋರು. ನೆಂಟರಿಗೆ ಬಲವಂತ ಇಲ್ಲ, ಹೆಂಡತಿಗೆ ಮಾತ್ರ ಉಂಟು."

ನನ್ನನ್ನು ಉಡಿಗಾಲ ಎಂಬ ಊರಿಗೆ ಮದುವೆ ಮಾಡಿಕೊಟ್ಟರು. ಗಂಡನಿಗೆ ಚಾಮರಾಜನಗರದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಮದುವೆಯಾದ ನಾಲ್ಕನೆಯ ದಿನ ಅವರ ಮನೆಯ ಮುಂದೆ ಶಾಮಿಯಾನ ಹಾಕಿ ಬೀಗರ ಔತಣ. ಮಧ್ಯಾಹ್ನದ ಹೊತ್ತಿಗೆ ಅವರು ಗೆಳೆಯರ ಜೊತೆ ಕುಡಿದಿದ್ದರು. ಸೌಂಡ್ ಬಾಕ್ಸ್ ಅಬ್ಬರಿಸುತ್ತಿತ್ತು. ನಾದಿನಿ ಒಳಗೆ ಬಂದಳು.

"ಅಣ್ಣ ಕರೀತಾವ್ನೆ ಬಾ ಅತ್ಗೆ. ಒಂದು ಸ್ಟೆಪ್ ಆಕ್ಬುಟ್ಟು ಬಂದ್ಬುಡು. ವಿಡಿಯೊ ಮಾಡ್ತಾರಂತೆ."

"ಬರಲ್ಲ ಅಂತ ಹೇಳು."

ಎರಡನೆಯ ಸಲ ಅವರ ಚಿಕ್ಕಪ್ಪ ಬಂದರು. ಮೂರನೆಯ ಸಲ ಗಂಡನೇ ಬಾಗಿಲಲ್ಲಿ ನಿಂತು, "ಬರ್ದೆ ಇದ್ರೆ ನಿಮ್ಮಪ್ಪನ ಮನೆಗೇ ಓಗು" ಎಂದರು. ನಾನು ಬ್ಯಾಗು ತೆಗೆದುಕೊಂಡು, ಊಟಕ್ಕೆ ಕೂತಿದ್ದ ಅಪ್ಪನ ಹಿಂದೆ ಹೋಗಿ ನಿಂತೆ.

ಊರಿಗೆ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಕರೆದಾಗ ಯಾಕೆ ಹೋಗಲಿಲ್ಲ. "ಮೈಗೆ ಉಸಾರಿರ್ನಿಲ್ವಾ?" ಎಂದಳು ದೊಡ್ಡಮ್ಮ. ಡಿಗ್ರಿ ಓದಿದ ಜಂಬ ಎಂದರು ಪಕ್ಕದ ಮನೆಯವರು. ಅಮ್ಮ ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಮನ್ಸಲ್ಲಿ ಬ್ಯಾರೆ ಯಾರಾದ್ರೂ ಅವ್ರಾ? ಏಳ್ಬುಡವ್ವ."

ಮೂರನೆಯ ದಿನ ಕ್ಲಾಸಿಗೆ ಹೋದೆ. ಟೀಚರ್ ನನ್ನ ಮುಖ ನೋಡಿ, ಸ್ಟೂಲು ಎಳೆದು ಕೊಟ್ಟು, ಅಂಚು ಹೊಲಿಯಲು ಒಂದು ಲಂಗ ಕೈಗಿಟ್ಟರು. ಕರಿ ಚಹಾ ಕೊಟ್ಟರು. ಒಂದು ವಾರ ಹಾಗೇ ಕಳೆಯಿತು. ಕೊನೆಗೆ ನಾನೇ ಕೇಳಿದೆ.

"ಯಾಕೆ ಅಂತ ನೀವು ಕೇಳಲೇ ಇಲ್ಲವಲ್ಲ ಟೀಚರ್?"

"ಕೇಳೋದೇನಿದೆ ಮೋಳೆ? ಬರಲ್ಲ ಅಂದೆ. ಸಾಕಲ್ಲ."

ಆ ದಿನ ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಸೀಳುಗುರಿನ ಆ ಬೆರಳು ನನ್ನ ಕೂದಲಲ್ಲಿ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ನಿಧಾನವಾಗಿ ಬಿಡಿಸಿಕೊಳ್ಳುತ್ತಿದ್ದರು.

ತಿಂಗಳಾಗುವಷ್ಟರಲ್ಲಿ ಗಂಡ ತಮ್ಮ ತಾಯಿಯ ಜೊತೆ ಬಂದರು. ಅಪ್ಪ ಟೀಚರನ್ನೂ ಕರೆಸಿದ್ದರು.

"ಎಲ್ರ ಮುಂದೆ ನನ್ನ ಮರ್ವಾದೆ ಓಯ್ತು" ಎಂದರು ಗಂಡ. "ಯಾಕೆ ಬರ್ನಿಲ್ಲ ಅಂತ ಏಳ್ಲಿ, ಕರ್ಕೊಂಡೋಗ್ತೀನಿ."

ಟೀಚರ್ ಅವರನ್ನೂ ಮಗನೇ ಎಂದೇ ಕರೆದು ಮೆತ್ತಗೆ ಕೇಳಿದರು. "ಅವಳ ಮಾತು ಇರಲಿ ಮೋನೇ. ನೀನು ಯಾಕೆ ಕರೆದೆ?"

ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಸೆರಗಿನ ತುದಿ ಸುತ್ತುತ್ತ, "ನನ್ನೂ ಒಂದ್ಸಲ ನಿಮ್ಮಪ್ಪ ಇಂಗೇ ಕರ್ದಿತ್ತು ಕಣ್ಲಾ" ಎಂದರು. "ನಾ ಓಗಿದ್ದೆ."

ಗಂಡ ತಾಯಿಯನ್ನೇ ನೋಡುತ್ತ ಕೂತರು. ಸಂಜೆ ಅವರನ್ನು ಕರೆದುಕೊಂಡು ಊರಿಗೆ ಹೊರಟರು. ಮರುದಿನ ಫೋನು ಮಾಡಿ ತಪ್ಪಾಯ್ತು ಎಂದರು. ನಾನು ತಕ್ಷಣ ಹೊರಡಲಿಲ್ಲ. ಮತ್ತೆ ಹತ್ತು ದಿನ ಬಿಟ್ಟು, ನನಗೆ ಹೋಗಬೇಕೆನಿಸಿದಾಗ, ಒಬ್ಬಳೇ ಚಾಮರಾಜನಗರದ ಬಸ್ಸು ಹತ್ತಿದೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಆಮೇಲೆ ಜಗಳಗಳಾಗಿವೆ, ಆದರೆ ಅಂಥ ಕರೆ ಮತ್ತೆ ಬಂದಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ನಾಲ್ಕೇ ದಿನದ ಜ್ವರ. ಮೈ ತೊಳೆದು ಸೀರೆ ಉಡಿಸಿದವರು ನಾವು, ಅವರ ಹತ್ತಿರ ಹೊಲಿಗೆ ಕಲಿತವರು. ನಮ್ಮತ್ತೆ ಬಂದು ಅವರ ಕಾಲ ಬಳಿ ಬಹಳ ಹೊತ್ತು ಕೂತಿದ್ದರು. ಕೊಚ್ಚಿಯಿಂದ ತಂಗಿಯ ಮಗ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಚಟ್ಟ ಎತ್ತಲು ಇನ್ನೊಂದು ಹೆಗಲು ಬೇಕೆಂದು ಯಾರೋ ಅತ್ತಿತ್ತ ನೋಡುತ್ತಿದ್ದರು. ಹಿಂದೆ ನಿಂತಿದ್ದ ನನ್ನ ಗಂಡ ಚಪ್ಪಲಿ ಬಿಟ್ಟು ಮುಂದೆ ಹೋಗಿ ಹೆಗಲು ಕೊಟ್ಟರು. ನಾನು ಅವರನ್ನು ಕರೆದಿರಲಿಲ್ಲ.