ಪಂಢರಿ ಹೇಳದ ಹೆಸರುಗಳು

ಕಮಠಾಣದ ಪಂಢರಿಯ ಜೊತೆ ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಹೋದರೆ ಬಸ್ಸಿನಲ್ಲಿ ಸೀಟು ಸಿಗುವ ಆಸೆ ಬಿಡಬೇಕಿತ್ತು. ಬಾಗಿಲಿಗೆ ಮುಗಿಬಿದ್ದ ಮಂದಿಯನ್ನು ಎರಡೂ ಕೈ ಅಗಲಿಸಿ ತಡೆಯುತ್ತಿದ್ದ.

"ಇಳಿಯೋರು ಮೊದಲ, ಏರೋರು ಆಮ್ಯಾಲ. ವಿಮಾನಕ್ಕೂ ಇದೇ ಕಾನೂನು ಅದರಿ."

"ನೀ ಯಾವಾಗ ವಿಮಾನದಾಗ ಕುಂತಿದ್ದೀಯೋ?" ಗುಂಪಿನಲ್ಲಿ ಯಾರಾದರೂ ಕೇಳುತ್ತಿದ್ದರು.

"ಕುಂತಿಲ್ರಿ. ದಿನಾ ನಲವತ್ತು ಇಳಸ್ತೇನಿ."

ಮಾತು ಸ್ವಲ್ಪ ಹೆಚ್ಚಾಯಿತು, ಪೂರ್ತಿ ಸುಳ್ಳಲ್ಲ. ಬೀದರಿನ ವಿಮಾನ ಮೈದಾನದಲ್ಲಿ ವಾಯುದಳ ಸೇರುವ ಹುಡುಗರು ಜೆಟ್ ಹಾರಿಸಲು ಕಲಿಯುತ್ತಾರೆ. ರನ್‌ವೇಯ ತುದಿಯಲ್ಲಿ ಕೆಂಪು ಬಿಳಿ ಚೌಕಳಿಯ ಗಾಡಿಯೊಂದು ನಿಂತಿರುತ್ತಿತ್ತು, ತಲೆಯ ಮೇಲೆ ಗಾಜಿನ ಗೂಡು. ಒಳಗೆ ಕೂತ ಅಧಿಕಾರಿ ದುರ್ಬೀನು ಹಿಡಿದು, ಇಳಿಯುವ ಪ್ರತಿ ವಿಮಾನದ ಗಾಲಿ ಹೊರಗೆ ಬಂದಿವೆಯೇ ಎಂದು ನೋಡಬೇಕು. ಬಂದಿರದಿದ್ದರೆ ಕೆಂಪು ಬೆಳಕಿನ ಪಟಾಕಿ ಹಾರಿಸಿ ಪೈಲಟನನ್ನು ತಿರುಗಿ ಮೇಲಕ್ಕೆ ಅಟ್ಟಬೇಕು. ಪಂಢರಿ ಆ ಗಾಡಿಯ ದಿನಗೂಲಿ ಆಳು. ಗಾಜು ಒರೆಸುವುದು, ಹದ್ದು ಓಡಿಸುವುದು ಅವನ ಕೆಲಸ. ಗಾಲಿ ನೋಡುವುದು ಅವನ ಕೆಲಸವಲ್ಲ. ಆದರೂ ನೋಡುತ್ತಿದ್ದ.

ಕಾನೂನನ್ನೆಲ್ಲ ಕಿವಿಯಿಂದಲೇ ಕಲಿತಿದ್ದ. ಹಾರಾಟ ನಿಯಂತ್ರಿಸುವ ಟವರಿನವರು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ತಪ್ಪಿದರೆ ಅಲ್ಲೇ ತಿದ್ದಬೇಕು. ನಾನು ಮುಂದಾಳಾಗಿದ್ದ ದಿನಗೂಲಿಗಳ ಸಂಘದ ಸಭೆಗೂ ಅದನ್ನು ತಂದ. "ಮೋರ್ಚಾ ಎಷ್ಟಕ್ಕ, ಎಲ್ಲಿಂದ? ಧೊಂಡಿಬಾ, ತಿರುಗಿ ಹೇಳು." ಅವನ ಊರಿನವನೇ ಆದ ಧೊಂಡಿಬಾ ಬೇಕೆಂದೇ ತಪ್ಪು ಹೇಳುತ್ತಿದ್ದ. ಔರಾದದಿಂದ ಲಾರಿ ಹತ್ತಿ ಬಂದವರು ರೊಟ್ಟಿ, ಪುಂಡಿಪಲ್ಯ ಬಿಚ್ಚಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಅಂಥ ಸಭೆಗಳು ಈಗಿಲ್ಲ. ಈಗ ಎಲ್ಲ ಫೋನಿನಲ್ಲಿ. ಯಾರೂ ತಿರುಗಿ ಹೇಳುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ, ಮೈದಾನದಲ್ಲಿ ಹುಲ್ಲು ಕೊಯ್ಯುವ, ಹಕ್ಕಿ ಓಡಿಸುವ ಮೂವತ್ತೆರಡು ಜನರನ್ನು ಕಾಯಂ ಮಾಡಿ ಎಂದು ಹೋರಾಟಕ್ಕಿಳಿದಿದ್ದೆವು. ಕರಿ ಬಾವುಟ ಹಿಡಿದರೆ ಪೊಲೀಸರು ಕಿತ್ತುಕೊಳ್ಳುತ್ತಿದ್ದರು. ಸಂಕ್ರಾಂತಿ ಹತ್ತಿರವಿತ್ತು, ಬೀದರಿನವರಿಗೆ ಪತಂಗದ, ಅಂದರೆ ಗಾಳಿಪಟದ, ಹುಚ್ಚು. ಹಳೇ ಊರಿನ ಖಾಜಾ ಮಿಯಾನಿಂದ ಐವತ್ತು ಕರಿ ಪತಂಗ ಮಾಡಿಸಿದೆ. ಬೇಲಿಯ ಹೊರಗಿನ ತೊಗರಿ ಹೊಲಗಳಲ್ಲಿ ಅಡಗಿ ಹಾರಿಸುವುದು, ಪೊಲೀಸರು ಬಂದರೆ ದಾರವನ್ನು ಜಾಲಿ ಗಿಡಕ್ಕೆ ಕಟ್ಟಿ ಓಡುವುದು. ಸಭೆ ಚಪ್ಪಾಳೆ ಹೊಡೆಯಿತು. ಪಂಢರಿ ಎದ್ದು ನಿಂತ.

"ಅಣ್ಣಾ, ಇದು ಬ್ಯಾಡ್ರಿ. ಮ್ಯಾಲ ಇರಾಂವ ಈಗಷ್ಟೇ ಕಲ್ತ ಪೋರ. ಇಳಿಯೋ ಹೊತ್ತಿನ್ಯಾಗ ದಾರ ಅಡ್ಡ ಬಂದ್ರ ಏನ್ ಮಾಡ್ತಾನ?"

"ಟವರಿನವ್ರು ನೋಡ್ಕೋತಾರ ಬಿಡು," ಎಂದೆ.

"ಅಷ್ಟು ದೂರದ ಪತಂಗ ಟವರಿಗೆ ಕಾಣಂಗಿಲ್ರಿ. ಯಾರಾರ ಹೇಳಬೇಕು. ಯಾರೂ ಹೇಳದಿದ್ರ ನಾ ಹೇಳ್ತೇನಿ."

"ಮುಖಬೀರ ಆಗ್ತೀ ಏನು?" ಧೊಂಡಿಬಾ ಕೇಳಿದ. ಈ ಸಲ ನಗುತ್ತಿರಲಿಲ್ಲ. ನಮ್ಮವರ ಸುದ್ದಿ ಪೊಲೀಸರಿಗೆ ಮುಟ್ಟಿಸುವವನೇ ಮುಖಬೀರ. ಹೋರಾಟದಲ್ಲಿ ಅದಕ್ಕಿಂತ ಕೀಳು ಬೈಗುಳ ಇಲ್ಲ.

ಮರುದಿನ ಮುಂಜಾನೆ ಐವತ್ತು ಪತಂಗ ಏರಿದವು. ಒಂದು ವಿಮಾನವೂ ಏರಲಿಲ್ಲ. ಪಂಢರಿ ಹೇಳಿದ್ದ, ಟವರಿನವರು ಹಾರಾಟ ನಿಲ್ಲಿಸಿದ್ದರು. ಫೋಟೊಗೆ ಬಂದ ಪತ್ರಿಕೆಯವ ಚಹಾ ಕುಡಿದು ಹೋದ. ಪೊಲೀಸರು ಬಂದರು, ನಾವು ಚದುರಿದೆವು.

ಸಂಜೆ ಇನ್‌ಸ್ಪೆಕ್ಟರ್ ನನ್ನನ್ನು ಠಾಣೆಗೆ ಕರೆಸಿದ. ಸಿಟ್ಟಿನಲ್ಲಿ ಕುದಿಯುತ್ತಿದ್ದ.

"ಆ ಪಂಢರಿನ್ನ ಮುಂಜಾನಿಂದ ಕೂಡಸೀನಿ. ಯಾರು ಹಾರಸಿದ್ರು ಅಂದ್ರ, 'ಯಾರು ಅಂತ ಕೇಳಬ್ಯಾಡ್ರಿ, ಎಷ್ಟು ಎತ್ತರ ಅಂತ ಕೇಳ್ರಿ' ಅಂತಾನ. ಹೆಸರಿಲ್ಲದ ಕೇಸ್ ಹ್ಯಾಂಗ ಹಾಕ್ಲಿ ನಾ?"

ನಾವೆಲ್ಲ ಕೇಸಿನಿಂದ ಪಾರಾದದ್ದು ಹೀಗೆ. ಹೊರಗೆ ಧೊಂಡಿಬಾ ಕಾಯುತ್ತಿದ್ದ. "ಹೆಸರು ಕೊಟ್ಟಾನೇನ್ರಿ?" ಎಂದ. ನಾನು ಉತ್ತರ ಕೊಡಲಿಲ್ಲ. ಹೋರಾಟ ಮುರಿದಿತ್ತು, ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ನನ್ನ ಮೌನವನ್ನು ಅವನು ಹೌದು ಎಂದು ತಿಳಿದ. ತಿಳಿಯಲಿ ಎಂದೇ ಸುಮ್ಮನಿದ್ದೆ. ಕೇಸ್ ಬೀಳದಿದ್ದಾಗ, ನಾನೇ ಮಾತಾಡಿ ತಪ್ಪಿಸಿದೆ ಎಂದು ಎಲ್ಲರೂ ಅಂದುಕೊಂಡರು.

ಮುಂದಿನ ವರ್ಷ ಕಾಯಂ ಮಾಡಲು ಮೈದಾನದ ಅಧಿಕಾರಿಗಳು ಪಟ್ಟಿ ಕೇಳಿದಾಗ ಮೂವತ್ತೊಂದು ಹೆಸರು ಬರೆದುಕೊಟ್ಟೆ. ಪಂಢರಿ ಅರವತ್ತರವರೆಗೂ ದಿನಗೂಲಿಯಾಗಿಯೇ ಅದೇ ಗಾಡಿಯ ಗಾಜು ಒರೆಸಿದ. ಊರಲ್ಲಿ ಅವನು ಬಂದರೆ ಕಟ್ಟೆಯ ಮಾತು ನಿಲ್ಲುತ್ತಿತ್ತು. ಮಗಳು ಸಪನಾ ಸಾಲಿಯಲ್ಲಿ ಮುಖಬೀರನ ಮಗಳಾಗಿ ಓದಿದಳು.

ಹೋದ ತಿಂಗಳು ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನ ಹೆಂಡತಿ ಕೌಸಲ್ಯಾಬಾಯಿ ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಲಗೂನ ಬಂದೀರಿ ಬಿಡ್ರಿ. ಇಪ್ಪತ್ತೇ ವರ್ಷ."

ಪಂಢರಿ ಎದ್ದು ಬಾಗಿಲಿಗೆ ಬಂದ. ಆಮೇಲೆ, "ಕಾಯಂ ನೌಕರಿ ಹೋತು, ಹೋಗ್ಲಿ. ನಾ ಹೆಸರು ಹೇಳಿಲ್ಲಂತ ನನಗ್ಯಾಕ ಹೇಳ್ತೀರಿ ಅಣ್ಣಾ? ನನಗ ಗೊತ್ತದ. ಅವರಿಗೆ ಹೇಳ್ರಿ," ಎಂದು ಚಹಾದಂಗಡಿಯ ಕಡೆ ಕೈ ತೋರಿಸಿದ.

ಅಲ್ಲಿ ಧೊಂಡಿಬಾ, ಜೊತೆಗೆ ನಿವೃತ್ತರಾದ ಇನ್ನೂ ಮೂವರು ಕೂತಿದ್ದರು. ನಿಂತೇ ಹೇಳಿದೆ. ಠಾಣೆಯ ಮಾತು, ಪಟ್ಟಿಯ ಮಾತು, ಎರಡೂ.

"ನಿಮಗ ಇದು ಯಾವಾಗ ಗೊತ್ತಾತ್ರಿ?" ಧೊಂಡಿಬಾ ಕೇಳಿದ.

"ಅವತ್ತೇ."

ಅವನು ಅರ್ಧ ಕುಡಿದ ಕಪ್ಪು ಇಟ್ಟು ಚಪ್ಪಲಿ ಮೆಟ್ಟಿಕೊಂಡ. ಪಂಢರಿಯ ಓಣಿಯ ಕಡೆ ನಡೆದ. ಉಳಿದ ಮೂವರೂ ಎದ್ದು ಹಿಂದೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ.