ಮೊದಲ ಬೇಸಿನವರೆಗೆ ಬಂದ ಬ್ಯಾಟು

ಇಂದು ಬೆಳಿಗ್ಗೆ ಚಪ್ಪಲಿಯ ಕಪಾಟು ತೆರೆದಾಗ ಎಣ್ಣೆ ಹಚ್ಚಿದ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಬೇಸ್‌ಬಾಲ್ ಕೈಗವಸು. "ಇದನ್ನ ಬಾಲ್ಕನಿಗೆ ಹಾಕ್ರೀ, ಬಂದೋರು ನಾವು ಯಾವುದೋ ಪ್ರಾಣಿ ಸಾಕಿದ್ದೀವಿ ಅಂದ್ಕೋತಾರೆ" ಎಂದಳು ಹೆಂಡತಿ. ನಾವಿರುವ ಈ ಕೊಲ್ಲಿಯೂರು ಸಾಲ್ಮಿಯಾದ ಧೂಳು ತೊಗಲಿಗೆ ಎಷ್ಟು ಹಾನಿಕರವೆಂದು ನಾನು ಪ್ರತಿಪಾದಿಸಲು ಪೀಠಿಕೆ ಹಾಕುವಷ್ಟರಲ್ಲಿ ಅವಳು ಅಡುಗೆಮನೆ ಸೇರಿಯಾಗಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಪಾರಿತೋಷಕ ಗೆದ್ದವರ ಸಂಸಾರ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ನೀವೂ ಬಲ್ಲಿರಿ.

ಆ ವಾಸನೆಯಿಂದ ನೆನಪಾದವನು ರಫೀಕ್. ಆದರೆ ಅವನಿಗಿಂತ ಮೊದಲು ನನ್ನ ಸುಧಾರಣಾ ಚಳವಳಿಯ ಬಗ್ಗೆ ಒಂದು ಮಾತು. ಕನ್ನಡಿಗರ ವಿರಾಮವನ್ನೆಲ್ಲ ಕ್ರಿಕೆಟ್ ಒಂದೇ ನುಂಗಿಹಾಕುವುದು ಸಮಾಜದ ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಕೊಲ್ಲಿಯಲ್ಲಿ ವೃತ್ತಿಪರ ಬೇಸ್‌ಬಾಲ್ ತಂಡಗಳು ಹುಟ್ಟಿಕೊಂಡ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪ್ರತಿ ಗುರುವಾರ ವಾಟ್ಸಾಪಿನಲ್ಲಿ ಕನ್ನಡ ವಾರ್ತಾಪತ್ರವೊಂದನ್ನು ಹೊರಡಿಸತೊಡಗಿದೆ. ಮೊದಲು ತಂಡಗಳ ಸುದ್ದಿ. ಕೊನೆಗೆ 'ಆಟಗಾರ ಚರಿತೆ', ಎಂದರೆ ಒಬ್ಬೊಬ್ಬ ಆಟಗಾರ ಎಲ್ಲಿ ಹುಟ್ಟಿದ, ಯಾವ್ಯಾವ ತಂಡ ಸುತ್ತಿ ಇಲ್ಲಿಗೆ ಬಂದ ಎಂಬ ಕಥನ. ಬಳಗದವರು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಅದು ಓದಿದ ಗುರುತಲ್ಲ, ಸಾಕೆಂಬ ಗುರುತು ಎಂದು ನನಗೆ ಬಹುಕಾಲ ಹೊಳೆಯಲಿಲ್ಲ.

ನಿಜವಾಗಿ ಓದುತ್ತಿದ್ದವನು ರಫೀಕ್ ಒಬ್ಬನೇ. ಬಂಟ್ವಾಳದ ಬ್ಯಾರಿ, ನಮ್ಮ ಬೀದಿಯ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಶುಕ್ರವಾರದ ಕ್ರಿಕೆಟ್ಟಿನಲ್ಲಿ ಬೌಂಡರಿಯಿಂದ ಅವನು ಎಸೆದ ಚೆಂಡು ನೆಲ ಮುಟ್ಟದೆ ಕೀಪರನ ಕೈ ಸೇರುತ್ತಿತ್ತು. ಕೀಪರ್ ಆಮೇಲೆ ಬಹಳ ಹೊತ್ತು ಕೈ ಕೊಡವುತ್ತಿದ್ದ.

"ನಿಮ್ಮ ಚರಿತೆಯಲ್ಲಿ ನಮ್ಮೂರಿನವ ಒಬ್ಬನೂ ಇಲ್ಲ ಅಲ್ವಾ ಸಾರ್?" ಎಂದು ಒಮ್ಮೆ ಕೇಳಿದ.

"ವೃತ್ತಿಪರ ತಂಡಕ್ಕೆ ಆಯ್ಕೆಯಾದವರಿಗೆ ಮಾತ್ರ ಅಲ್ಲಿ ಜಾಗ. ಅದು ನಿಯಮ."

"ಆಯ್ಕೆ ಆದ್ರೆ ನಂದೂ ಬರೀತೀರಾ? ಊರಲ್ಲಿ ಮಗಳು ಈಗ ಕನ್ನಡ ಓದ್ಲಿಕ್ಕೆ ಕಲ್ತಿದ್ದಾಳೆ. ಅಪ್ಪ ಮೊಬೈಲಿಗೆ ಗ್ಲಾಸ್ ಅಂಟಿಸುವವ ಅಂತ ಮಾತ್ರ ಅವಳಿಗೆ ಗೊತ್ತುಂಟು."

ಆ ಚಳಿಗಾಲ ತಂಡವೊಂದರ ತರಬೇತುದಾರರು ಹೊಸ ಆಟಗಾರರನ್ನು ಆರಿಸಲು ಅಹ್ಮದಿ ಪಟ್ಟಣದ ಮೈದಾನಕ್ಕೆ ಬಂದರು. ರಫೀಕ್ ಅಂಗಡಿಯಲ್ಲಿ ರಜೆ ಕೇಳಿಕೊಂಡ. ಇಬ್ಬರೂ ಕೈಗವಸು ಕೊಂಡೆವು. ಕಾರಿನಲ್ಲಿ ದಾರಿಯುದ್ದಕ್ಕೂ ಬೇಸ್‌ಬಾಲಿನ ನೈತಿಕ ಶ್ರೇಷ್ಠತೆಯನ್ನು ವಿವರಿಸಿದೆ. ಹೊಡೆದ ಮೇಲೆ ಬ್ಯಾಟನ್ನು ನೆಲಕ್ಕೆ ಹಾಕಿ ಓಡಬೇಕು, ಬೇಸನ್ನು, ಎಂದರೆ ಓಡಿ ಸೇರಬೇಕಾದ ಚೌಕದ ಮೆತ್ತೆಯನ್ನು, ಕಾಲಿನಿಂದಲೇ ಮೆಟ್ಟಬೇಕು ಎಂದೂ ನೆನಪಿಸಿದೆ.

"ಗೊತ್ತುಂಟು ಸಾರ್. ನೀವೇ ಬರೆದದ್ದಲ್ವಾ?"

ಅವನ ಎಸೆತವನ್ನು ಕಂಡ ತರಬೇತುದಾರ ಪಕ್ಕದ ಮೈದಾನದಲ್ಲಿದ್ದ ಜೊತೆಗಾರನನ್ನು ಕೂಗಿ ಕರೆದ. ಆಗ ನಾನು ಮನಸ್ಸಿನಲ್ಲೇ ಚರಿತೆಯ ಮೊದಲ ವಾಕ್ಯವನ್ನು ಕಟ್ಟಿ ಮುಗಿಸಿದ್ದೆ. ಬಳಿಕ ಬ್ಯಾಟಿಂಗ್. ರಫೀಕ್ ಹೊಡೆದ ಚೆಂಡು ಯಾರೂ ಇಲ್ಲದ ಮೂಲೆಗೆ ಹೋಯಿತು. ಅವನು ಓಡಿದ, ಬ್ಯಾಟನ್ನು ಭದ್ರವಾಗಿ ಹಿಡಿದೇ ಓಡಿದ. ಬೇಸು ಒಂದು ಮಾರು ದೂರವಿರುವಾಗ ಬಾಗಿ, ಕೈ ಚಾಚಿ, ಕ್ರೀಸಿಗೆ ತಾಗಿಸುವಂತೆ ಬ್ಯಾಟಿನ ತುದಿಯನ್ನು ಅದಕ್ಕೆ ತಾಗಿಸಿ, ಕೃತಾರ್ಥನಾಗಿ ನಿಂತುಬಿಟ್ಟ. ಬೇಸನ್ನು ಮೆಟ್ಟು ಎಂದು ಸುತ್ತಲಿನವರು ಇಂಗ್ಲಿಷಿನಲ್ಲಿ ಬೊಬ್ಬೆ ಹೊಡೆದರೆ ಅದನ್ನು ಪ್ರಶಂಸೆಯೆಂದು ತಿಳಿದು ಬ್ಯಾಟು ಮೇಲೆತ್ತಿ ತೋರಿಸಿದ. ಅಷ್ಟರಲ್ಲಿ ಚೆಂಡು ಬಂತು, ಔಟ್. ಸುಧಾರಕನಾದ ನಾನು ಏನು ಮಾಡುತ್ತಿದ್ದೆ ಎನ್ನುತ್ತೀರಾ? ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಸಂಜೆ ಆಯ್ಕೆಯಾದವರೆಂದು ಓದಿದ ಹೆಸರುಗಳಲ್ಲಿ ರಫೀಕನದು ಇರಲಿಲ್ಲ. ಹಿಂತಿರುಗುವಾಗ ಫಹಾಹೀಲ್ ಪೇಟೆ ದಾಟಿದ ಮೇಲೆ ಅವನು ಕೈಗವಸನ್ನು ಹಿಂದಿನ ಸೀಟಿಗೆ ಹಾಕಿದ.

"ಖಲಾಸ್ ಸಾರ್" ಎಂದ.

"ನಿಯಮವನ್ನು ತಿದ್ದುತ್ತೇನೆ ರಫೀಕ್. ಅಂಥ ಎಸೆತ ಎಸೆದವನನ್ನು ವೃತ್ತಿಪರ ಎಂದು ಕರೆಯಲು ಸಮರ್ಥವಾದ ಆಧಾರಗಳಿವೆ."

"ಬೇಡ ಮಾರಾಯ್ರೆ, ಸುಳ್ಳು ಬೇಡ. ಬರೆಯುವುದಾದ್ರೆ ಔಟಾದದ್ದನ್ನೇ ಬರೀರಿ. ಅವಳು ಸ್ವಲ್ಪ ನಗಾಡ್ಲಿ."

ಹಾಗೆಯೇ ಬರೆದೆ. ವಿಶೇಷಣಗಳನ್ನು ಕಿತ್ತುಹಾಕಿ ಬರೆದ ನನ್ನ ಮೊದಲ ಬರಹ ಅದು. ಎರಡು ದಿನಗಳ ಮೇಲೆ ರಫೀಕ್ ಅಂಗಡಿಗೆ ಬಂದವರಿಗೆಲ್ಲ ಮೊಬೈಲಿನಲ್ಲಿ ಮಗಳ ದನಿ ಕೇಳಿಸುತ್ತಿದ್ದ. ಅವಳು ಚರಿತೆಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ್ದಳು. ಬ್ಯಾಟು ಮೇಲೆತ್ತುವ ಸಾಲಿಗೆ ಬಂದಾಗ ನಗು ತಡೆಯಲಾರದೆ ಬಿಕ್ಕಳಿಸಿದ್ದಳು. ಕೊನೆಗೆ, "ಅಪ್ಪಾ, ಚೆಂಡು ಎಷ್ಟು ದೂರ ಹೋಯ್ತು?" ಎಂಬ ಪ್ರಶ್ನೆ. "ಕೇಳಿದ್ರಾ ಸಾರ್? ಔಟಾದದ್ದಲ್ಲ, ದೂರ ಕೇಳ್ತಾಳೆ" ಎಂದ ರಫೀಕ್.

ಬಳಗದವರು ಮೊದಲ ಬಾರಿಗೆ ಹೆಬ್ಬೆರಳು ಬಿಟ್ಟು ಮಾತಿನಲ್ಲಿ ಉತ್ತರಿಸಿದರು. ಆ ಆಟ ನಾವೂ ಆಡೋಣ ಎಂದವರೂ ಇದ್ದರು. ಈಗ ಶುಕ್ರವಾರಗಳಂದು ಕ್ರಿಕೆಟ್ ಮುಗಿದ ಮೇಲೆ ಒಂದಷ್ಟು ಹೊತ್ತು ಬೇಸ್‌ಬಾಲ್ ನಡೆಯುತ್ತದೆ. ಕಲಿಸುವವನು ರಫೀಕ್.

ಇಂದು ಸಂಜೆ ಅಪರೂಪಕ್ಕೆ ನನ್ನ ಬ್ಯಾಟಿಗೂ ಚೆಂಡು ಸಿಕ್ಕಿತು. ಓಡಿದೆ. ಮೊದಲ ಬೇಸಿನ ಪಕ್ಕ ನಿಂತು ರಫೀಕ್ ಎರಡೂ ಕೈ ಬೀಸುತ್ತಿದ್ದ.

"ಯಲ್ಲಾ ಸಾರ್, ಬೇಗ! ಬಿಡಿ, ಅದನ್ನು ಬಿಡಿ!"

ಬ್ಯಾಟು ಇನ್ನೂ ನನ್ನ ಕೈಯಲ್ಲೇ ಇತ್ತು. ಅದಕ್ಕೊಂದು ಸಮರ್ಥನೆ ಆಗಲೇ ನಾಲಗೆಯ ತುದಿಗೆ ಬಂದಿತ್ತು. ಎರಡನ್ನೂ ಮರಳಿಗೆ ಹಾಕಿ ಓಡಿದೆ.